ಅರಿಶಿನ ಕುಂಕುಮ ಎರಡೂ ನಿಲ್ಲುವ ಬೆಳಕು

ಹೋದ ತಿಂಗಳು ಪೀಣ್ಯದಲ್ಲಿ ಅವರ ತಿಥಿ ಊಟಕ್ಕೆ ಹೋಗಿದ್ದೆ. ಮೂರಂತಸ್ತಿನ ಮನೆ, ಮುಂದೆ ಶಾಮಿಯಾನ, ಒಳಗೆ ಹಾಲ್‌ನಲ್ಲಿ ಅವರ ದೊಡ್ಡ ಫೋಟೊ. ಆ ಫೋಟೊದ ಸುತ್ತ ಯಾರೋ ಪುಣ್ಯಾತ್ಮರು ಬಣ್ಣಬಣ್ಣದ ಸೀರಿಯಲ್ ಸೆಟ್ ಸುತ್ತಿಟ್ಟಿದ್ದರು. ಅದು ಮಿಣಮಿಣ ಅಂದಾಗಲೆಲ್ಲ ಅವರ ಮುಖ ಒಮ್ಮೆ ಹಸಿರು, ಒಮ್ಮೆ ನೇರಳೆ. ಬದುಕಿದ್ದಿದ್ದರೆ ಮೊದಲು ಆ ಪ್ಲಗ್ಗು ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದವರನ್ನು ಮಾತಾಡಿಸುತ್ತಿದ್ದರು.

ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತಿದ್ದ ನೆಂಟರಿಬ್ಬರು ಅವರ ಮಾತನ್ನೇ ಆಡುತ್ತಿದ್ದರು. "ಪುಣ್ಯವಂತ ಬುಡಪ್ಪ. ಇದ್ದ ಜಮೀನ್ನಾಗೆ ಶೆಡ್ಡು ಕಟ್ಟಿ ಬಾಡಿಗೆಗೆ ಬುಟ್ಟ, ಕೂತ್ಕಂಡು ತಿಂದ" ಅಂದ ಒಬ್ಬ. ಕೂತು ತಿಂದರಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ನಾಲ್ಕು ಮಾತು ಅಂದುಬಿಡೋಣ ಅನ್ನಿಸಿತು. ಆದರೆ ತಿಥಿ ಮನೆ, ಎಲೆಯ ಮುಂದೆ ಜಗಳ ಸಲ್ಲದು ಅಂತ ಪಾಯಸದ ಜೊತೆ ಸಿಟ್ಟನ್ನೂ ನುಂಗಿಕೊಂಡು ಬಂದೆ. ಅಲ್ಲಿ ಆಡದೆ ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಹಾಕುವುದಿಲ್ಲ. ನಾನು ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಆ ಬೀದಿಯ ಶೆಡ್ಡುಗಳಲ್ಲಿ ಅರ್ಧ ಅವರವೇ ಆದ್ದರಿಂದ ಬಾಡಿಗೆಗಿದ್ದವರಿಗೆಲ್ಲ ಅವರು ಯಜಮಾನರು. ನಾನೂ ಹಾಗೇ ಕರೆದೆ, ಫೋನಿನಲ್ಲೂ ಹಾಗೇ ಬರೆದುಕೊಂಡೆ. ಇದರಿಂದ ಮನೆಯಲ್ಲಿ ಆದ ಅವಾಂತರ ಹೇಳತೀರದು. ಒಂದು ಭಾನುವಾರ ಬಚ್ಚಲಲ್ಲಿದ್ದ ನನಗೆ ನನ್ನ ಗಂಡ ಹೊರಗಿನಿಂದ ಕೂಗಿದರು: "ಲೇ, ನಿನ್ನ ಯಜಮಾನ್ರು ಫೋನ್ ಮಾಡ್ತಿದ್ದಾರೆ ಕಣೇ. ನಾನ್ಯಾರು ಅಂತ ಕೇಳಿದ್ರೆ ಏನ್ ಹೇಳ್ಲಿ?" ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಗಂಡನಿಗೆ 'ಚಿಕ್ಕ ಯಜಮಾನರು' ಅಂತ ಬಡ್ತಿ ಸಿಕ್ಕಿತು.

ನಾನು ನರ್ಸ್. ಜಾಲಹಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ದುಡಿದು, ಮೇಲಿನವರೊಂದಿಗೆ ಜಗಳವಾಡಿ ಬಿಟ್ಟು, ಕಟ್ಟಡ ಕೂಲಿಯವರಿಗಾಗಿ ಕೆಲಸ ಮಾಡುವ ಒಂದು ಸಣ್ಣ ಟ್ರಸ್ಟ್ ಸೇರಿದವಳು. ನಾಲಿಗೆ ಸ್ವಲ್ಪ ಉದ್ದ ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಟ್ರಸ್ಟಿನವರು ಸಾಮಾನು ಸಾಗಿಸುತ್ತಿದ್ದ ಇಪ್ಪತ್ತು ಅಡಿಯ ಒಂದು ಹಳೇ ಟ್ರೇಲರನ್ನು ಕೊಂಡರು. ನಾಲ್ಕೂ ಕಡೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆ, ಕೆಳಗೆ ಚಕ್ರ. ಅದನ್ನು ಓಡಾಡುವ ಕ್ಲಿನಿಕ್ ಮಾಡಿ, ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಕೂಲಿಯವರ ಶೆಡ್ಡುಗಳಿರುವ ಕಡೆ ಎರಡೆರಡು ವಾರ ನಿಲ್ಲಿಸುವುದು ಯೋಜನೆ. ವಾರಕ್ಕೆರಡು ದಿನ ಡಾಕ್ಟರಮ್ಮ ಬರುತ್ತಾರೆ, ಉಳಿದ ದಿನ ನಾನೇ ಎಲ್ಲ. ಒಳಗಿನ ಕೆಲಸ ಮಾಡಲು ಒಪ್ಪಿಕೊಂಡವನು ಮುರುಗೇಶ, ಪೀಣ್ಯದಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟವನು. ಆ ಶೆಡ್ಡು ಯಜಮಾನರದು. ತಮಾಷೆ ಏನೆಂದರೆ, ಅದೇ ಶೆಡ್ಡಿನಲ್ಲಿ ಯಜಮಾನರು ಮುರುಗೇಶನ ಕೈಕೆಳಗೆ ಲೈಟಿನ ಕೆಲಸ ಮಾಡುತ್ತಿದ್ದರು. ಬಾಡಿಗೆದಾರ ಧಣಿ, ಮಾಲೀಕ ಕೂಲಿ. ಕೆಲಸ ತಡವಾದರೆ ಮುರುಗೇಶ ಬೈಯುತ್ತಿದ್ದ, ಆದರೆ "ಯಜಮಾನ್ರೇ" ಅಂತ ಸೇರಿಸಿಯೇ ಬೈಯುತ್ತಿದ್ದ.

ಮೊದಲ ಸಲ ನಾನು ಹೋದಾಗ ಮುರುಗೇಶ ತಾನೇ ಲೈಟು ಹಾಕಿ ಮುಗಿಸಿದ್ದ. ಮುರುಗೇಶ ಸ್ವಿಚ್ ಒತ್ತಿದ. ಚಾವಣಿಯ ಅಂಚಿನುದ್ದಕ್ಕೂ ಎಲ್‌ಇಡಿ ಪಟ್ಟಿ, ಬಂಗಾರದ ಬಣ್ಣದ ಬೆಳಕು. ಹಳೇ ಕಬ್ಬಿಣದ ಪೆಟ್ಟಿಗೆ ಮದುವೆ ಮನೆಯ ರೂಮಿನಂತೆ ಕಂಡಿತು. "ಸಕ್ಕತ್ತಾಗಿದೆ ಅಲ್ವಾ ಮೇಡಂ? ಸಾಹೇಬ್ರು ಫೋಟೊ ಕಳಿಸಿ ಹಿಂಗೇ ಬೇಕು ಅಂದ್ರು" ಅಂದ. ಸಾಹೇಬರು ಅಂದರೆ ಈ ಟ್ರೇಲರಿಗೆ ದಾನ ಕೊಟ್ಟ ಕಂಪನಿಯ ಅಧಿಕಾರಿ. ನನಗೂ ಖುಷಿಯಾಯಿತು. ಚೆಂದ ಇದೆ ಅಂತ ಹೇಳಿಯೂಬಿಟ್ಟೆ.

ಹಿಂದಿನ ಬಾಗಿಲ ಹತ್ತಿರ ಒಬ್ಬರು ನಿಂತು ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು. ಅರವತ್ತು ದಾಟಿದ ಬಡಕಲು ಮನುಷ್ಯ, ಪಂಚೆಯ ಮೇಲೆ ಖಾಕಿ ಅಂಗಿ, ಜೇಬಿನಲ್ಲಿ ಟೆಸ್ಟರ್. ಅವರೇ ಯಜಮಾನರು. ಅಂಗೈ, ಹಿಂಗೈ, ಮತ್ತೆ ಅಂಗೈ. ಯಾವುದೇ ಕೋಣೆಗೆ ಹೊಕ್ಕರೂ ಅವರು ಮೊದಲು ಮಾಡುವ ಕೆಲಸ ಅದು ಅಂತ ಆಮೇಲೆ ಗೊತ್ತಾಯಿತು. ನನ್ನ ಕಡೆ ತಿರುಗಿ ಕೇಳಿದರು:

"ಇದ್ರೊಳಗೆ ಏನ್ ನೋಡ್ತೀರಾ ಸಿಸ್ಟರಮ್ಮ?"

"ಪೇಶೆಂಟ್ ನೋಡ್ತೀವಿ."

"ಅದ್ ಗೊತ್ತು. ಪೇಶೆಂಟ್‌ನಾಗೆ ಏನ್ ನೋಡ್ತೀರಾ?"

ಇದೆಂಥ ಪ್ರಶ್ನೆ? ಎಲೆಕ್ಟ್ರಿಷಿಯನ್ ಆದವನು ಸ್ವಿಚ್ ಎಲ್ಲಿ ಬೇಕು, ಫ್ಯಾನ್ ಎಲ್ಲಿ ಬೇಕು ಅಂತ ಕೇಳಬೇಕು. ಆದರೂ ಬೇಸರದಿಂದಲೇ ಪಟ್ಟಿ ಒಪ್ಪಿಸಿದೆ. ರಕ್ತ ಕಡಿಮೆ ಇದೆಯಾ ಅಂತ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡುತ್ತೇವೆ, ನಾಲಿಗೆ ನೋಡುತ್ತೇವೆ, ಗಾಯ ಕೀವಾಗಿದೆಯಾ ನೋಡುತ್ತೇವೆ, ಹಸುಗೂಸುಗಳಿಗೆ ಕಾಮಾಲೆ ಬಂದಿದೆಯಾ ನೋಡುತ್ತೇವೆ. ಅವರು ತಲೆಯಾಡಿಸಿ ಕೇಳಿಸಿಕೊಂಡು ಒಂದೇ ಮಾತು ಅಂದರು: "ಅಂಗಾದ್ರೆ ಬಣ್ಣ ನೋಡ್ತೀರಾ ಅನ್ನಿ."

ಇಪ್ಪತ್ತು ವರ್ಷದ ನನ್ನ ವೃತ್ತಿಯನ್ನು ಯಾರೂ ನನಗೆ ಹಾಗೆ ಎರಡು ಪದದಲ್ಲಿ ಹೇಳಿಕೊಟ್ಟಿರಲಿಲ್ಲ. ಹೌದಲ್ಲ, ನಾನು ದಿನವೆಲ್ಲ ನೋಡುವುದು ಕೆಂಪು ಇಳಿದಿದೆಯಾ, ಹಳದಿ ಏರಿದೆಯಾ ಅನ್ನುವುದನ್ನೇ.

ಮಾರನೆಯ ದಿನ ಬರಲು ಹೇಳಿದರು. ಹೋದರೆ, ಕೈಯಲ್ಲಿ ಹಳೇ ಬಿಳಿ ಪಂಚೆಯ ಒಂದು ತುಂಡು. ಅದರ ಮೇಲೆ ಎರಡು ಸಾಲು ಚುಕ್ಕೆ. ಒಂದು ಸಾಲು ಅರಿಶಿನದ್ದು, ಒಂದು ಕುಂಕುಮದ್ದು. ಮೊದಲ ಚುಕ್ಕೆ ಗಾಢವಾಗಿ, ಆಮೇಲಿನದು ನೀರು ಬೆರೆಸಿ ಬೆರೆಸಿ ತೆಳುವಾಗುತ್ತ, ಏಳನೆಯದು ಇದೆಯೋ ಇಲ್ಲವೋ ಅನ್ನುವಷ್ಟು. "ದೇವ್ರ ಮನೆ ಬಟ್ಟಲಿಗೇ ಕೈ ಆಕ್ದೆ. ನಮ್ಮೋಳು ಇನ್ನೂ ಬೈತಾ ಅವ್ಳೆ" ಅಂದರು. ಅವರ ಬಾಯಲ್ಲಿ ಹಕಾರಕ್ಕೆ ಜಾಗವೇ ಇರಲಿಲ್ಲ. ಹಾಲು ಆಲಾಗುತ್ತಿತ್ತು, ಹಳದಿ ಅಳದಿಯಾಗುತ್ತಿತ್ತು. ಹೊರಗೆ ಬಿಸಿಲಿನಲ್ಲಿ ಬಟ್ಟೆ ಬಿಡಿಸಿ ತೋರಿಸಿದರು. ಏಳು ಹಳದಿ, ಏಳು ಕೆಂಪು, ಎಣಿಸಿದೆ. ಆಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿ ಆ ಬಂಗಾರದ ಬೆಳಕು ಹಾಕಿದರು.

"ಈಗ ಎಣಿಸ್ರಮ್ಮ."

ಕೆಂಪು ಏಳೂ ಇದ್ದವು. ಹಳದಿ ನಾಲ್ಕೇ. ಉಳಿದ ಮೂರು ಬಟ್ಟೆಯೊಳಗೆ ಹೋಗಿ ಅಡಗಿಕೊಂಡಂತೆ ಮಾಯವಾಗಿದ್ದವು. ಕಣ್ಣುಜ್ಜಿಕೊಂಡು ನೋಡಿದೆ, ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡು ನೋಡಿದೆ. ಇಲ್ಲ. "ಬೆಳ್ಕೇ ಅಳದಿಯಾದ್ರೆ ಅಳದಿ ಎಲ್ಲಿಂದ ಕಾಣ್ತದೆ?" ಅಂದರು.

ಬಟ್ಟೆ ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಯಾಕೆಂದು ಅವರಿಗೆ ಆ ದಿನವೇ ಹೇಳಿದೆ. ಅಲ್ಲಿಯವರೆಗೆ ನನ್ನ ಗಂಡನಿಗೂ ಪೂರ್ತಿ ಹೇಳಿರಲಿಲ್ಲ.

ಅದಕ್ಕೆ ಒಂದು ವರ್ಷದ ಹಿಂದೆ, ಮಾರತ್ತಹಳ್ಳಿಯ ಆಚೆ, ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಕಡೆ ತಗಡಿನ ಶೆಡ್ಡಿನಲ್ಲಿ ನಾಲ್ಕು ದಿನದ ಒಂದು ಕೂಸನ್ನು ನೋಡಿದ್ದೆ. ನಡು ಮಧ್ಯಾಹ್ನವಾದರೂ ತಗಡಿನೊಳಗೆ ಮಬ್ಬು. ಮೇಲೆ ಒಂದು ಹಳದಿ ಬಲ್ಬು ತೂಗುತ್ತಿತ್ತು. ಅವರ ಕಡೆಯ ಪದ್ಧತಿಯಂತೆ ಬಾಣಂತಿಗೂ ಕೂಸಿಗೂ ಮೈತುಂಬ ಅರಿಶಿನ ಎಣ್ಣೆ ಬಳಿದಿದ್ದರು. ನಾನು ನೋಡಿದೆ, ಹಳದಿ ಕಂಡಿತು, ಅರಿಶಿನ ಅಂದುಕೊಂಡೆ. ಕಣ್ಣಿನ ಬಿಳಿಯನ್ನೂ ನೋಡಿದೆ. ಆ ಬಲ್ಬಿನಲ್ಲಿ ಅದು ಎಲ್ಲರ ಕಣ್ಣಿನಂತೆಯೇ ಇತ್ತು. "ಮಗು ಚೆನ್ನಾಗಿದೆ" ಅಂತ ಹೇಳಿ ಬಂದೆ. ಕಾಮಾಲೆ ತಲೆಗೇರಿದ ಮೇಲೆ ಆಸ್ಪತ್ರೆಗೆ ಒಯ್ದರು. ಮಗು ಉಳಿಯಿತು. ಆದರೆ ಅದಕ್ಕೆ ಕಿವಿ ಕೇಳಿಸುವುದಿಲ್ಲ. ಅದರ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಟ್ರಸ್ಟಿನವರ ಪ್ರಾಣ ತಿಂದು ಈ ಟ್ರೇಲರ್ ತರಿಸಿದ್ದೇ ನಾನು, ಇನ್ನೊಂದು ಕೂಸನ್ನು ಹಾಗೆ ಕತ್ತಲಲ್ಲಿ ನೋಡಬಾರದು ಅಂತ. ಅಂಥವಳು ಅದೇ ಹಳದಿ ಬೆಳಕಿನ ಕೆಳಗೆ ನಿಂತು ಚೆಂದ ಇದೆ ಅಂದಿದ್ದೆ.

ಯಜಮಾನರು ಸ್ಟೂಲು ಎಳೆದುಕೊಂಡು ಹತ್ತಿ, ಆ ಬಂಗಾರದ ಪಟ್ಟಿಯನ್ನು ಒಂದು ತುದಿಯಿಂದ ಪರಪರ ಕೀಳಲು ಶುರುಮಾಡಿದರು. ಸದ್ದು ಕೇಳಿ ಓಡಿಬಂದ ಮುರುಗೇಶ ತಲೆ ಮೇಲೆ ಕೈ ಇಟ್ಟುಕೊಂಡ.

"ಯಜಮಾನ್ರೇ, ಏನ್ ಮಾಡ್ತಿದ್ದೀರಾ? ಮುಂದಿನ ವಾರ ಉದ್ಘಾಟನೆ! ಸಾಹೇಬ್ರು ನನ್ನ ಉಳಿಸಲ್ಲ."

"ನಿನ್ ಸಾಯೇಬ್ರಿಗೆ ಮದ್ವೆ ಮಂಟಪ ಬೇಕಾದ್ರೆ ಬ್ಯಾರೆ ಮಾಡ್ಕೊಡಾಣ. ಇದು ಕೂಸು ನೋಡೋ ಜಾಗ" ಅಂದರು, ಕೀಳುವುದನ್ನು ನಿಲ್ಲಿಸದೆ.

ಆಮೇಲೆ ಶುರುವಾಯಿತು ಪರೀಕ್ಷೆ. ಯಾರ್ಯಾರ ಅಂಗಡಿಯಿಂದಲೋ ಒಂದೊಂದು ನಮೂನೆ ಟ್ಯೂಬು ತಂದು, ಒಂದೊಂದನ್ನೂ ಹಾಕಿ, ಬಟ್ಟೆ ಬಿಡಿಸಿ, ನನ್ನಿಂದ ಎಣಿಸುವುದು. ಅವರೇ ಎಣಿಸುತ್ತಿರಲಿಲ್ಲ. "ನನ್ ಕಣ್ಣಿಗೆ ಎಲ್ಲಿ ಐತೆ ಅಂತ ಗೊತ್ತು, ಅದು ಸುಳ್ಳೇಳ್ತದೆ" ಅನ್ನುತ್ತಿದ್ದರು. ಪ್ರತಿ ಸಲವೂ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ಕೊಡುತ್ತಿದ್ದರು, ನಾನು ನೆನಪಿನಿಂದ ಎಣಿಸಬಾರದು ಅಂತ. ಬೀದಿಯಲ್ಲಿ ಎಲ್ಲರೂ ಹಾಕುವ ಬಿಳಿ ಟ್ಯೂಬು ಹಾಕಿದರೆ ಕಣ್ಣು ಕುಕ್ಕುವಷ್ಟು ಬೆಳಕು, ನೀಲಿ ಬೆರೆತದ್ದು. ಹಳದಿ ಏಳೂ ಎದ್ದು ಬಂದವು. ಗೆದ್ದೆವು ಅಂತ ನಾನು ಹಿಗ್ಗಿದರೆ, "ಕುಂಕುಮ ನೋಡ್ರಮ್ಮ" ಅಂದರು. ಕೆಂಪು ಹೋಗಿ ಕಾಫಿ ಚೆಲ್ಲಿದ ಕಲೆಯಂತಾಗಿತ್ತು. "ಈ ಕೆಟ್ಟ ನೀಲಿ ಬೆಳ್ಕಲ್ಲಿ ನೀವು ಬಂದೋರ್ಗೆಲ್ಲ ರಕ್ತ ಇಲ್ಲ ಅಂತೀರಾ. ಇದ್ದೋರ್ಗೂ ಗುಳಿಗೆ ಕೊಡ್ತೀರಾ. ಅರಿಸ್ನ ಕುಂಕುಮ ಎರಡೂ ನಿಲ್ಬೇಕು, ಅದೇ ಬೆಳ್ಕು" ಅಂತ ಅದನ್ನೂ ಇಳಿಸಿದರು. ನನ್ನ ನರ್ಸಿಂಗ್ ಪಾಠದಲ್ಲಿ ಎಲ್ಲೂ ಇಲ್ಲದ ಈ ಮಾತನ್ನು ಅವರು ಎಲ್ಲಿಂದ ಕಲಿತರೋ. ಕೇಳಿದರೆ, ಹಿಂದೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ದಾರದ ಬಣ್ಣ ತಾಳೆ ನೋಡುವ ಮೇಜಿನ ಮೇಲೆ ಲೈಟು ಕಟ್ಟಿದ್ದರಂತೆ. ಬಿಸಿಲಿನಲ್ಲಿ ಒಂದಾಗಿದ್ದ ಎರಡು ದಾರ ಲೈಟಿನಲ್ಲಿ ಬೇರೆಯಾಗುವುದನ್ನು ಅಲ್ಲಿ ಕಂಡು, ಅವತ್ತಿನಿಂದ ಯಾವ ಲೈಟನ್ನೂ ನಂಬಲಿಲ್ಲವಂತೆ.

ಅಷ್ಟರಲ್ಲಿ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕಂಪನಿಯ ಕಾರ್ಡು. ಉದ್ಘಾಟನೆ ಮುಂದೆ ಹೋಗಿದ್ದಕ್ಕೆ ಮುಖ ಗಂಟಿಕ್ಕಿಕೊಂಡಿದ್ದರು. ಟ್ಯೂಬಿನ ಪೆಟ್ಟಿಗೆ ಮೇಲಿನ ಅಕ್ಷರ ಓದಿ, "ಮೊದಲು ಹಾಕಿದ್ದೂ ಇಷ್ಟೇ ವ್ಯಾಟ್, ಇದೂ ಇಷ್ಟೇ ವ್ಯಾಟ್. ಏನ್ರೀ ವ್ಯತ್ಯಾಸ?" ಅಂದರು. ಇಡೀ ಪೀಣ್ಯ ಮಾಡುವ ತಪ್ಪೇ ಅದು. ಹಳೇ ಬಲ್ಬಿನ ಕಾಲದಿಂದ ನಮಗೆಲ್ಲ ಬೆಳಕು ಅಂದರೆ ವ್ಯಾಟ್. ಅರವತ್ತು ಅಂದರೆ ಇಷ್ಟು, ನೂರು ಅಂದರೆ ಇಷ್ಟು ಅಂತ ಕಣ್ಣಿಗೆ ಕಟ್ಟಿಕೊಂಡಿದ್ದೇವೆ. ಎಲ್‌ಇಡಿಗೆ ಆ ಲೆಕ್ಕ ನಡೆಯುವುದಿಲ್ಲ ಅಂತ ಅಂಗಡಿಯವನೂ ಹೇಳುವುದಿಲ್ಲ. ಯಜಮಾನರಿಗೆ ಆಗಲೂ ಎರಡು ಹಸು ಇದ್ದವು, ಪೀಣ್ಯದ ನಡುಮಧ್ಯೆ, ಲೇತ್ ಮಿಷನ್ನುಗಳ ಗಲಾಟೆಯಲ್ಲಿ. ಅವರು ಹೇಳಿದ್ದು ಹೀಗೆ:

"ವ್ಯಾಟ್ ಅಂದ್ರೆ ಅಸ ತಿನ್ನೋ ಮೇವು ಸಾರ್. ಬೆಳ್ಕು ಅಂದ್ರೆ ಕರಿಯೋ ಆಲು. ಒಂದೇ ಮೇವು ತಿಂದು ಒಂದು ಅಸ ಎರಡು ಲೀಟ್ರು ಕೊಡ್ತದೆ, ಒಂದು ಆರು ಲೀಟ್ರು. ಈ ಪೆಟ್ಟಿಗೆ ಮೇಲೆ ಲೂಮೆನ್ ಅಂತ ಬರ್ದೈತಲ್ಲ, ಅದು ಆಲು. ಇನ್ ಕೆಲವು ಅವೆ, ಬಿಂದಿಗೆ ತುಂಬ ಕೊಡ್ತವೆ, ಎಲ್ಲಾ ನೀರು. ಆ ಬಿಳಿ ಟ್ಯೂಬು ಅಂಥಾದ್ದು."

ಯಜಮಾನರು ಸಾಹೇಬರನ್ನು ಒಳಗೆ ಕರೆದುಕೊಂಡು ಹೋಗಿ, ತೆಗೆದಿಟ್ಟಿದ್ದ ಬಂಗಾರದ ಪಟ್ಟಿಗೆ ಕರೆಂಟು ಕೊಟ್ಟು, ಬಟ್ಟೆ ಕೈಗಿತ್ತು ಹಳದಿ ಎಣಿಸಿ ಅಂದರು. ನಾಲ್ಕು ಅಂದರು ಸಾಹೇಬರು. ಬಾಗಿಲು ತೆರೆದು ಬಿಸಿಲಿಗೆ ತಂದು ತೋರಿಸಿದರು. ಸಾಹೇಬರು ಒಂದೊಂದು ಚುಕ್ಕೆಗೂ ಬೆರಳಿಟ್ಟು ಏಳರವರೆಗೆ ಎಣಿಸಿದರು. ಆಮೇಲೆ, "ನಮ್ಮ ಮಗೂಗೂ ಹುಟ್ಟಿದಾಗ ಕಾಮಾಲೆ ಇತ್ತು" ಅಂತ ಅಂದು, ಇನ್ನೆರಡು ವಾರ ತಗೊಳ್ಳಿ ಅಂತ ಹೇಳಿ ಹೋದರು. ನಾನಾಗಿದ್ದರೆ ಸಾಹೇಬರ ಜೊತೆ ಜಗಳವಾಡಿ ಟ್ರೇಲರನ್ನೂ ಕಳೆದುಕೊಳ್ಳುತ್ತಿದ್ದೆ.

ಕೊನೆಗೆ ಸಿಕ್ಕಿತು. ಬಟ್ಟೆ ಅಂಗಡಿಯವರು ಸೀರೆ ತೋರಿಸಲು ಹಾಕುವ ಒಂದು ಜಾತಿ ಟ್ಯೂಬು. ಬಿಸಿಲಿನಷ್ಟೇ ಬಿಳಿ, ನೀಲಿಯೂ ಇಲ್ಲ, ಹಳದಿಯೂ ಇಲ್ಲ. ಏಳು ಹಳದಿ, ಏಳು ಕೆಂಪು. ಎರಡೆರಡು ಸಲ ಎಣಿಸಿದೆ. ಆದರೆ ಯಜಮಾನರಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಬಣ್ಣ ಸರಿಯಾಯಿತು, ಇನ್ನು ಸಾಕಷ್ಟಿದೆಯಾ ನೋಡಬೇಕು. ಪೇಶೆಂಟ್ ಮಲಗಿಸುವ ಮಂಚದ ಮೇಲೆ ಬಟ್ಟೆ ಹಾಸಿ ನನ್ನ ಮೊಬೈಲಿನ ಟಾರ್ಚ್ ಬಿಡಲು ಹೇಳಿದರು. ಬಿಟ್ಟೆ. ಚುಕ್ಕೆಗಳು ಇನ್ನಷ್ಟು ನಿಚ್ಚಳವಾದವು. "ಅಂಗಾದ್ರೆ ಸಾಲ್ದು. ಟಾರ್ಚ್ ಬುಟ್ರೂ ಬುಡದಿದ್ರೂ ಒಂದೇ ತರ ಕಾಣ್ಬೇಕು, ಅಲ್ಲೀಗಂಟ ಟ್ಯೂಬ್ ಸೇರಿಸ್ಬೇಕು" ಅಂದರು. ಆದರೆ ಇದು ಬ್ಯಾಟರಿಯ ಮೇಲೆ ಓಡುವ ಗಾಡಿ, ಮನಸ್ಸಿಗೆ ಬಂದಷ್ಟು ಸೇರಿಸುವಂತಿಲ್ಲ. ಎರಡು ಸೇರಿಸಿದರು. ಮಂಚದ ಮೇಲಿನವಕ್ಕೆ ಬೇರೆ ಸ್ವಿಚ್ ಕೊಟ್ಟರು, ನೋಡುವಾಗ ಮಾತ್ರ ಹಾಕಿಕೊಳ್ಳಲಿ ಅಂತ. ಹಿಂಬದಿಯ ತುದಿಯಲ್ಲಿ ಬೆಳಕು ಸೊರಗುತ್ತಿದ್ದುದಕ್ಕೆ ಸಣ್ಣ ವೈರು ಕಾರಣ ಅಂತ ದಪ್ಪ ವೈರು ಎಳೆದರು. ಗೋಡೆಯ ಹೊಳೆಯುವ ತಗಡಿಗೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿದರು. ಕಂಪನಿಯ ಗುರುತಿನ ಕಿತ್ತಳೆ ಬಣ್ಣದ ಪರದೆ ಕೂಸಿನ ಮೈಮೇಲೆ ಬಣ್ಣ ಚೆಲ್ಲುತ್ತದೆ ಅಂತ ಅದನ್ನು ತೆಗೆಸಿ ಹೊರಗಡೆ ಮೆಟ್ಟಿಲ ಹತ್ತಿರ ಕಟ್ಟಿಸಿದರು.

ಮುಗಿಯಿತು ಅಂದುಕೊಂಡೆ. "ಮಂಚದ ಮ್ಯಾಲೆ ಬಗ್ಗಿ ನೋಡ್ರಮ್ಮ" ಅಂದರು. ಬಗ್ಗಿದೆ. ಬಟ್ಟೆಯ ಮೇಲೆ ನನ್ನದೇ ನೆರಳು ಬಿತ್ತು.

"ನಿಮ್ ತಲೇನೇ ನಿಮ್ಗೆ ಅಡ್ಡ ಬತ್ತದೆ ಸಿಸ್ಟರಮ್ಮ."

ಮುರುಗೇಶ ಕಿಸಕ್ಕೆಂದು ನಕ್ಕ. ನನ್ನ ಗಂಡನಿಗೆ ಹೇಳಿದಾಗ ಅವರಂತೂ ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕೋಣ ಅಂದರು. ಯಜಮಾನರು ಮಾತ್ರ ನಗದೆ, ನಡುವಿನ ಸಾಲನ್ನು ಬಿಚ್ಚಿ ಎರಡೂ ಬದಿಗೆ ಸರಿಸಿ ಕಟ್ಟಿದರು. ಮತ್ತೆ ಬಗ್ಗಿದೆ. ನೆರಳು ಇರಲಿಲ್ಲ.

ಕ್ಲಿನಿಕ್ ಶುರುವಾದ ಎರಡನೇ ತಿಂಗಳು ವೈಟ್‌ಫೀಲ್ಡಿನ ಆಚೆ ನಿಂತಿದ್ದೆವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾದಗಿರಿ ಕಡೆಯ ಒಬ್ಬ ಅಜ್ಜಿ ಐದು ದಿನದ ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಕೂಸು ಮೊಲೆ ಹಿಡಿಯುತ್ತಿಲ್ಲ ಅನ್ನುವುದು ದೂರು. ಮೈಯೆಲ್ಲ ಅರಿಶಿನ.

"ಹಳದಿ ಕಾಣ್ತಿದೆಯಲ್ಲಜ್ಜಿ" ಅಂದೆ.

"ಅದು ಅರಿಷಿಣ ಐತ್ರೀ ಅಕ್ಕಾರ. ನಿನ್ನೆ ಹಚ್ಚೀನಿ ನೋಡ್ರಿ. ಕೂಸಿಗೇನೂ ಆಗಿಲ್ರೀ, ದೃಷ್ಟಿ ಆಗೇತಿ ಅಷ್ಟ."

ಮಂಚದ ಮೇಲಿನ ಸ್ವಿಚ್ ಹಾಕಿದೆ. ಮೂಗಿನ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಟ್ಟೆ. ಒಸಡು ನೋಡಿದೆ. ರೆಪ್ಪೆ ಬಿಡಿಸಿದೆ. ಅರಿಶಿನ ಹತ್ತದ ಜಾಗಗಳಲ್ಲೆಲ್ಲ ಆ ತೆಳು ಹಳದಿ ಕೂತಿತ್ತು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಅಜ್ಜಿಯ ಜೊತೆ ವಾದ ಮಾಡುತ್ತ ಕೂರದೆ ಆಟೋ ಹತ್ತಿಸಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯ ಚೀಟಿ ನೋಡಿ ಅಲ್ಲಿಯ ಡಾಕ್ಟರು, "ಒಳ್ಳೇ ಟೈಮಿಗೆ ತಂದಿದ್ದೀರ ಸಿಸ್ಟರ್, ನಾಳೆಯಾಗಿದ್ದರೆ ಕಷ್ಟವಿತ್ತು" ಅಂದರು. ವರಾಂಡದ ಬೆಂಚಿನ ಮೇಲೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಯಜಮಾನರಿಗೆ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿ, "ಈಗ ಔಷ್ದಿ ಏನ್ ಕೊಡ್ತಾರೆ?" ಅಂದರು. ಔಷಧಿಯಲ್ಲ, ಬೆಳಕಲ್ಲೇ ಮಲಗಿಸುತ್ತಾರೆ, ಬೆಳಕೇ ಕಾಮಾಲೆ ಇಳಿಸುತ್ತದೆ ಅಂದೆ. ಅವರು ಮೆಲ್ಲಗೆ, "ಬೆಳ್ಕಲ್ಲೇ ವಾಸಿ ಮಾಡ್ತಾರಾ?" ಅಂದರು. ಪೀಣ್ಯದಿಂದ ಎರಡು ಬಸ್ಸು ಬದಲಾಯಿಸಿ ಅದೇ ಮಧ್ಯಾಹ್ನ ಬಂದುಬಿಟ್ಟರು. ಗಾಜಿನ ಆಚೆ ಕೂಸು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ಬೆಳಕಿನ ಕೆಳಗೆ ಬರಿಮೈಯಲ್ಲಿ ಮಲಗಿತ್ತು. ಯಜಮಾನರು ಚಪ್ಪಲಿ ಬಿಟ್ಟು ಗಾಜಿನ ಮುಂದೆ ನಿಂತರು. ಚಪ್ಪಲಿ ಬಿಡಿ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಬಹಳ ಹೊತ್ತಿನ ಮೇಲೆ, "ನೀಲಿ ಕೆಟ್ಟದ್ದು ಅಂತ ನಾನು ಎಷ್ಟ್ ಬೈದಿದ್ದೆ ಸಿಸ್ಟರಮ್ಮ. ನಂಗೇನೂ ಗೊತ್ತಿಲ್ಲ ಬುಡಿ" ಅಂದರು. ಅಷ್ಟು ತಿಳಿದ ಮನುಷ್ಯ, ನಲವತ್ತು ವರ್ಷ ಬೆಳಕಿನ ಜೊತೆಯೇ ಬಾಳಿದವರು, ಒಂದು ಕೂಸಿನ ತೊಟ್ಟಿಲ ಮುಂದೆ ಕೈಮುಗಿದು ತಮಗೇನೂ ಗೊತ್ತಿಲ್ಲ ಅನ್ನುತ್ತಿದ್ದರು. ನನಗೆ ಅವರ ಪಕ್ಕ ನಿಲ್ಲಲು ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಆಮೇಲೆ ಎರಡು ವರ್ಷ, ಟ್ರೇಲರ್ ಎಲ್ಲಿದ್ದರೂ ತಿಂಗಳಿಗೊಂದು ಸಲ ಬರುತ್ತಿದ್ದರು. ಟ್ಯೂಬಿನ ಮೇಲೆ ಧೂಳು ಕೂತರೆ ಬೆಳಕನ್ನು ಧೂಳೇ ತಿನ್ನುತ್ತದೆ ಅಂತ, ತಾವೇ ಸ್ಟೂಲು ಹತ್ತಿ ಒಂದೊಂದನ್ನೂ ಒರೆಸಿ ಹೋಗುತ್ತಿದ್ದರು. ನಾನು ಒರೆಸಿಟ್ಟಿದ್ದರೂ ಬೆರಳಾಡಿಸಿ ನೋಡಿ, ಮತ್ತೆ ಒರೆಸುತ್ತಿದ್ದರು. ಕಾಫಿ ಕೊಟ್ಟರೆ ನಿಂತೇ ಕುಡಿಯುತ್ತಿದ್ದರು. ಈ ತಿಂಗಳು ಎಷ್ಟು ಕೂಸು ನೋಡಿದಿರಿ ಅಂತ ಕೇಳುತ್ತಿದ್ದರು, ಬೇರೆ ಮಾತು ಕಡಿಮೆ. ಒಂದು ಸಲ ನಮ್ಮ ಮನೆಗೂ ಬಂದಿದ್ದರು. ಅಡುಗೆಮನೆಯಲ್ಲಿ ಅಂಗೈ ನೋಡಿಕೊಂಡು ನನ್ನ ಗಂಡನಿಗೆ, "ಈ ಬೆಳ್ಕಲ್ಲಿ ಅಕ್ಕಿ ಆರ್ಸಿದ್ರೆ ಕಲ್ಲೇ ತಿಂತೀರಾ ಸ್ವಾಮಿ" ಅಂತ ಹೇಳಿ ಹೋದರು. ಮಾರನೆಯ ದಿನವೇ ಚಿಕ್ಕ ಯಜಮಾನರು ಟ್ಯೂಬು ಬದಲಾಯಿಸಿದರು.

ಅವರ ಕೊನೆಯ ಐದು ತಿಂಗಳು ಆಸ್ಪತ್ರೆಗೂ ಮನೆಗೂ ಓಡಾಡುವುದರಲ್ಲಿ ಕಳೆದುಹೋಯಿತು. ಪಿತ್ತದ ದಾರಿಯಲ್ಲಿ ಗಡ್ಡೆ; ಡಾಕ್ಟರುಗಳು ತಮ್ಮ ಕೈಲಾದದ್ದು ಮಾಡಿದರು. ಅದನ್ನೆಲ್ಲ ಬರೆಯಲಾರೆ. ಅದು ಗೊತ್ತಾದ ದಿನದ್ದೊಂದನ್ನು ಬರೆಯುತ್ತೇನೆ.

ಸಿಂಗಸಂದ್ರದ ಹತ್ತಿರ ನಿಂತಿದ್ದೆವು. ಬೆಳಿಗ್ಗೆ ಬಂದು ಎಂದಿನಂತೆ ಟ್ಯೂಬು ಒರೆಸಿದರು. ಸ್ವಲ್ಪ ಸೊರಗಿದ್ದಾರೆ ಅನ್ನಿಸಿತು, ವಯಸ್ಸು ಅಂದುಕೊಂಡೆ. ಎಲ್ಲ ಲೈಟು ಹಾಕಿ, ಸ್ಟೂಲಿನಿಂದ ಇಳಿದು, ಏನೋ ಕೇಳಲು ನನ್ನ ಕಡೆ ತಿರುಗಿದರು. ಅವರ ಕಣ್ಣಿನ ಬಿಳಿ ನೋಡಿದೆ. ನೋಡಿದವಳೇ ರಿಜಿಸ್ಟರಿನೊಳಗೆ ಮುಖ ಹುದುಗಿಸಿದೆ.

"ಏನೋ ಕಂಡ್ರಿ" ಅಂದರು.

"ಏನಿಲ್ಲ ಯಜಮಾನ್ರೇ. ಕಾಫಿ ತರಿಸ್ಲಾ?"

ಆಡಿದ ಮೇಲೆ ನನ್ನ ದನಿ ನನಗೇ ಹೇಸಿಗೆಯಾಯಿತು. ತಗಡಿನ ಶೆಡ್ಡಿನಲ್ಲಿ ಕಾಣದೆ ಸುಳ್ಳು ಹೇಳಿದ್ದೆ. ಇಲ್ಲಿ ಕಂಡೂ ಹೇಳುತ್ತಿದ್ದೆ. ಅವರು ಹತ್ತಿರ ಬಂದರು.

"ಸಿಸ್ಟರಮ್ಮ, ಕಂಡಿದ್ದನ್ನ ಏಳ್ದೆ ಇದ್ರೆ ಇಷ್ಟೆಲ್ಲ ಯಾಕ್ ಕಟ್ಟಿದ್ವಿ?"

ಎದ್ದು ನಿಂತೆ. ಎರಡೂ ಕೈಯಿಂದ ಅವರ ಮುಖ ಹಿಡಿದು ಮೇಲೆತ್ತಿ, ರೆಪ್ಪೆ ಸರಿಸಿ, ಎರಡೂ ಕಣ್ಣು ಸರಿಯಾಗಿ ನೋಡಿದೆ. "ಹಳದಿ ಇದೆ ಯಜಮಾನ್ರೇ" ಅಂದೆ. "ಜಾಸ್ತಿನೇ ಇದೆ. ಈಗ್ಲೇ ಹೋಗೋಣ, ನಾನೂ ಬರ್ತೀನಿ."

"ಒಂದ್ ತಿಂಗ್ಳಿಂದ ಊಟ ಸೇರ್ತಿಲ್ಲ. ಮೈಯೆಲ್ಲ ನವೆ" ಅಂದರು. "ಮನೇಲಿ ಯಾರಿಗೂ ಕಂಡಿಲ್ಲ. ಸೊಸೆ ಆಸೆಪಟ್ಟು ಮನೆ ತುಂಬ ಬಂಗಾರದ ಲೈಟೇ ಆಕ್ಸವ್ಳೆ, ನಾನೂ ಓಗ್ಲಿ ಅಂತ ಸುಮ್ನಿದ್ದೆ."

ಕೈ ತೊಳೆದುಕೊಂಡು ಬಂದು, ಅಷ್ಟು ದಿನದಲ್ಲಿ ಮೊದಲ ಸಲ ಆ ಮಂಚದ ಮೇಲೆ ಕೂತರು. ನಾನು ಆಸ್ಪತ್ರೆಗೆ ಚೀಟಿ ಬರೆಯುತ್ತಿದ್ದೆ. ಅವರು ನನ್ನನ್ನು ನೋಡಲಿಲ್ಲ. ತಲೆ ಎತ್ತಿ ಎರಡೂ ಬದಿಯ ಟ್ಯೂಬುಗಳನ್ನು ಒಂದೊಂದಾಗಿ ನೋಡಿದರು. ಮುಖದಲ್ಲಿ ಭಯವಿರಲಿಲ್ಲ. ದೇವರ ಮೇಲಾಣೆ, ಆ ಮನುಷ್ಯನ ಮುಖದಲ್ಲಿ ಸಂತೋಷವಿತ್ತು.

"ಸದ್ಯ" ಅಂದರು. "ಕಾಣ್ತಲ್ಲ ಸಿಸ್ಟರಮ್ಮ."